ಮನೆಯ ದಾನಕ್ಕೂ ಲೆಕ್ಕದ ಪುಸ್ತಕ ಬೇಕು

ಹೊರನಾಡಿನಲ್ಲಿ ಕೆಲಸ ಮಾಡುವವರಿಗೆ ಊರಿನಿಂದ ಬರುವ ಕೆಲವು ಫೋನುಗಳು ಬೇಗ ಗುರುತು ಸಿಗುತ್ತವೆ. ಯೋಗಕ್ಷೇಮದ ಮಾತು ಎರಡು ನಿಮಿಷ, ಆಮೇಲೆ 'ಒಂದು ವಿಷಯ ಇತ್ತಪ್ಪಾ'. ಯಾರದೋ ಡಯಾಲಿಸಿಸ್, ಯಾರದೋ ಮಗಳ ಕಾಲೇಜು ಫೀಸು. ನಾವು ಫೋನ್‌ಪೇ ಮಾಡುತ್ತೇವೆ. ಅದು ಯಾರಿಗೆ ಮುಟ್ಟಿತು, ಸಾಕಾಯಿತೇ ಎಂಬುದು ಮತ್ತೆ ತಿಳಿಯುವುದಿಲ್ಲ.

ಹೋದ ವರ್ಷ ಅಣ್ಣ, ಅಕ್ಕ ಮತ್ತು ನಾನು ಅಪ್ಪನ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡುವ ಮಾತು ತೆಗೆದೆವು. ಅಪ್ಪ ಹಾಸನ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದವರು. 'ಮನೆಯವರೇ ಕೊಡೋ ದುಡ್ಡಿಗೆ ಪತ್ರ, ಆಡಿಟ್ ಎಲ್ಲ ಯಾಕೋ?' ಎಂದು ಅಣ್ಣ ಕೇಳಿದ. ಉತ್ತರ ನಾನಿರುವ ಚೆನ್ನೈನಲ್ಲೇ ಇತ್ತು.

ಇಲ್ಲಿನ ಮೆಟ್ರೊದಲ್ಲಿ ಪಚ್ಚೈಯಪ್ಪ ಕಾಲೇಜು ಎಂಬ ನಿಲ್ದಾಣವಿದೆ. ಪಚ್ಚೈಯಪ್ಪ ಮುದಲಿಯಾರ್ ಬಡತನದಲ್ಲಿ ಹುಟ್ಟಿ, ಕಂಪನಿ ಕಾಲದ ಮದರಾಸಿನಲ್ಲಿ ದುಬಾಷಿಯಾಗಿ ದೊಡ್ಡ ಶ್ರೀಮಂತರಾದವರು. 1794ರಲ್ಲಿ, ಸಾಯುವ ಕೆಲವೇ ದಿನ ಮುಂಚೆ, ದೇವಸ್ಥಾನಗಳಿಗೂ ಧರ್ಮಕಾರ್ಯಗಳಿಗೂ ಹಣ ಮೀಸಲಿಟ್ಟು ಉಯಿಲು ಬರೆದರು. ಉಯಿಲಿತ್ತು, ದುಡ್ಡಿತ್ತು. ಆದರೆ ಅದನ್ನು ನೋಡಿಕೊಳ್ಳಬೇಕಾದವರ ತಂಟೆ ತಕರಾರಿನಲ್ಲಿ ದಶಕಗಳು ಕಳೆದವು. ಕೊನೆಗೆ ಮದರಾಸಿನ ಅಂದಿನ ಸುಪ್ರೀಂ ಕೋರ್ಟು ಮಧ್ಯೆ ಬಂದು, ಬೆಳೆದು ನಿಂತಿದ್ದ ಹಣವನ್ನು ಟ್ರಸ್ಟಿಗಳ ಕೈಗಿಟ್ಟ ಮೇಲೆ 1842ರಲ್ಲಿ ಶಾಲೆ ಶುರುವಾಯಿತು. ಅದೇ ಮುಂದೆ ಕಾಲೇಜಾಯಿತು. ದಾನಿಯ ಮನಸ್ಸಿಗೂ ಮೊದಲ ವಿದ್ಯಾರ್ಥಿಗೂ ನಡುವೆ 48 ವರ್ಷ!

ಇದಕ್ಕೆ ತದ್ವಿರುದ್ಧವಾದ ಕಥೆ ಟಾಟಾ ಮನೆತನದ್ದು. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ನಮಗೆ ಹೊರಗಿನವರಲ್ಲ. ಅವರ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರು. ದಂಪತಿಗೆ ಮಕ್ಕಳಿರಲಿಲ್ಲ. 1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿ ತಮ್ಮ ಆಸ್ತಿಯನ್ನೆಲ್ಲ ಟ್ರಸ್ಟಿಗೆ ಬರೆದಿಟ್ಟು, ಅದೇ ವರ್ಷ ತಾವೂ ಹೋದರು. ಪತ್ನಿಯ ಹೆಸರಿನಲ್ಲಿ ರಕ್ತ ಕ್ಯಾನ್ಸರ್ ಸಂಶೋಧನೆಗೆಂದೇ ಇನ್ನೊಂದು ಟ್ರಸ್ಟ್ ಮಾಡಿದ್ದರು. ಇಂದು ಟಾಟಾ ಸನ್ಸ್‌ನ ಶೇ 66ರಷ್ಟು ಷೇರು ಇಂಥ ಟ್ರಸ್ಟುಗಳ ಕೈಯಲ್ಲಿದೆ. ಕಾಯಿಲೆಗೆ ದುಡ್ಡಿಲ್ಲದವರಿಗೆ, ಓದುವ ಮಕ್ಕಳಿಗೆ ನೆರವು ಹೋಗುತ್ತಲೇ ಇದೆ.

ಎರಡೂ ಕಡೆ ಮನಸ್ಸು ಒಳ್ಳೆಯದೇ. ವ್ಯತ್ಯಾಸ ವ್ಯವಸ್ಥೆಯದು. ಕೊಟ್ಟವನು ಹೋದ ಮೇಲೆ ಯಾರು ತೀರ್ಮಾನಿಸಬೇಕು, ಯಾರು ಲೆಕ್ಕ ಕೇಳಬೇಕು ಎಂಬುದು ಮೊದಲೇ ಗಟ್ಟಿಯಾಗಿದ್ದರೆ ದಾನ ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಹಾಗಾಗಿ ನಮ್ಮ ಪುಟ್ಟ ಟ್ರಸ್ಟಿನ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆವು. ಮನೆಯವರಲ್ಲದ ಇಬ್ಬರು ಟ್ರಸ್ಟಿಗಳಿದ್ದಾರೆ. ಹಣ ಆಸ್ಪತ್ರೆಯ ಅಥವಾ ಕಾಲೇಜಿನ ಖಾತೆಗೇ ಹೋಗುತ್ತದೆ. ಮೊದಲ ಅರ್ಜಿಯೇ ಚಿಕ್ಕಪ್ಪನ ಮಗನದು ಬಂದಾಗ ಮನೆಯಲ್ಲಿ ಬಿಸಿ ಏರಿತು. 'ನೆಂಟರಿಗೆ ನಮ್ಮ ಜೇಬಿನಿಂದ ಕೊಡೋಣ, ಟ್ರಸ್ಟಿಂದ ಬೇಡ' ಎಂದು ಅಕ್ಕ ತೀರ್ಪು ಕೊಟ್ಟಳು. ಕಾನೂನೂ ಅದನ್ನೇ ಹೇಳುತ್ತದೆ: ಟ್ರಸ್ಟಿನ ಹಣ ಟ್ರಸ್ಟಿಗಳ ಬಂಧುಗಳಿಗೆ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು. ಚಿಕ್ಕಪ್ಪ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮನದು ಒಂದೇ ಷರತ್ತು: 'ಕೊಡೋವಾಗ ಫೋಟೊ ಹಿಡೀಬೇಡಿ. ಇಸ್ಕೊಳ್ಳೋರ ಮುಖ ಊರಿಗೆ ಯಾಕೆ ತೋರಿಸ್ಬೇಕು?'

ನೀವೂ ಯಾವುದಾದರೂ ಟ್ರಸ್ಟಿಗೆ ಕೊಡುವವರಾದರೆ ಎರಡು ಮಾತು. 80ಜಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ, ಹೊಸದರಲ್ಲಿಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದೂ ಇಲ್ಲ.

ಕೊಡಲು ದುಡ್ಡಿಲ್ಲದಿದ್ದರೂ ಒಂದು ಕೆಲಸವಿದೆ. ಚಿಕಿತ್ಸೆಗೆಂದು ಚೆನ್ನೈಗೆ, ವೆಲ್ಲೂರಿಗೆ ಬರುವ ನಮ್ಮ ಕಡೆಯವರಿಗೆ ತಮಿಳೂ ಬಾರದು, ಇಂಗ್ಲಿಷ್ ಅರ್ಜಿಯೂ ಅರ್ಥವಾಗದು. ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರು ಇರುತ್ತಾರೆ. ಯಾವ ಟ್ರಸ್ಟಿಗೆ ಯಾವ ಕಾಗದ ಬೇಕೆಂದು ಅವರಿಗೆ ಗೊತ್ತು. ಒಂದು ಶನಿವಾರ ಜೊತೆಗೆ ಹೋಗಿ ಆ ಅರ್ಜಿ ತುಂಬಿಕೊಡಿ. ನಾವು ಕಳಿಸುವ ಐನೂರು ರೂಪಾಯಿಗಿಂತ ಅದರ ಬೆಲೆ ಹೆಚ್ಚು.