ಅಪ್ಪನಿಗಾಗಿ ಒಂದು ಡಕೋಟಾ

ಭಾರತೀಯ ವಾಯುಪಡೆಯ ಹಳೆಯ ವಿಮಾನಗಳ ತಂಡದಲ್ಲಿ ‘ಪರಶುರಾಮ’ ಎಂಬ ಹೆಸರಿನ ಡಕೋಟಾ ಒಂದಿದೆ. ಅದರ ಮೈಮೇಲಿನ ಸಂಖ್ಯೆ ವಿಪಿ 905. ಸರ್ಕಾರ ಅದನ್ನು ಕೊಂಡದ್ದಲ್ಲ. ಬೆಂಗಳೂರಿನ ಉದ್ಯಮಿ, ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ತಮ್ಮ ತಂದೆಯ ಹೆಸರಿನಲ್ಲಿ ಕೊಟ್ಟ ಕಾಣಿಕೆ. ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಅಪ್ಪ ಓಡಿಸುತ್ತಿದ್ದ ಹಳೇ ಜೀಪನ್ನೋ ಬುಲೆಟ್ಟನ್ನೋ ಹುಡುಕಿ ರಿಪೇರಿ ಮಾಡಿಸಿ ಮನೆ ಮುಂದೆ ತಂದು ನಿಲ್ಲಿಸುವ ಮಕ್ಕಳು ಇದ್ದಾರೆ. ವಿಮಾನವನ್ನು ಹಾಗೆ ನಿಲ್ಲಿಸಿಕೊಳ್ಳಲು ಬರುವುದಿಲ್ಲ. ಹಾರಿಸಲು ರನ್‌ವೇ, ಪೈಲಟ್, ಮೆಕ್ಯಾನಿಕ್ ಎಲ್ಲವೂ ಬೇಕು. ಅಪ್ಪನಿಗೆಂದು ಹೊರಟ ಉಡುಗೊರೆ ಕೊನೆಗೆ ಅಪ್ಪ ದುಡಿದ ಸಂಸ್ಥೆಗೇ ಹೋಗಿ ಸೇರಿದ್ದು ಹೀಗೆ.

ಡಕೋಟಾದ ಮೂಲ ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ಪ್ರಯಾಣಿಕ ವಿಮಾನ. ಅದರ ಮೊದಲ ಹಾರಾಟ ನಡೆದದ್ದು 1935ರ ಡಿಸೆಂಬರ್ 17ರಂದು. ಎರಡನೇ ಮಹಾಯುದ್ಧ ಬಂದಾಗ ಅದೇ ವಿಮಾನ ಅಗಲ ಬಾಗಿಲು, ಗಟ್ಟಿ ನೆಲಹಾಸು ಹೊತ್ತು ಸಿ-47 ಆಯಿತು. ಬ್ರಿಟಿಷರು ಅದಕ್ಕೆ ಡಕೋಟಾ ಎಂದು ಹೆಸರಿಟ್ಟರು. ಯುದ್ಧ ಮುಗಿಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದವು. ತಲಾ 1200 ಅಶ್ವಶಕ್ತಿಯ ಎರಡು ಎಂಜಿನ್, 95 ಅಡಿ ಅಗಲದ ರೆಕ್ಕೆ, ಸುಮಾರು 28 ಸೈನಿಕರು ಕೂರುವಷ್ಟು ಜಾಗ. ಬಾಲದ ಕೆಳಗೊಂದು ಪುಟ್ಟ ಚಕ್ರ ಇರುವುದರಿಂದ ನೆಲದ ಮೇಲೆ ನಿಂತಾಗ ಮೂತಿ ಮೇಲಕ್ಕೆತ್ತಿರುತ್ತದೆ. ಒಳಗೆ ಹತ್ತಿದವರು ಕಾಕ್‌ಪಿಟ್ಟಿಗೆ ಹೋಗಬೇಕಾದರೆ ಏರು ಹತ್ತಿಯೇ ಹೋಗಬೇಕು. ಹುಲ್ಲು ಬಯಲಾದರೂ ಸರಿ, ಮಣ್ಣಿನ ಪಟ್ಟಿಯಾದರೂ ಸರಿ, ಇಳಿದು ಮತ್ತೆ ಏರುತ್ತಿತ್ತು.

ಆಗಿನ ರಾಯಲ್ ಇಂಡಿಯನ್ ಏರ್ ಫೋರ್ಸಿನ 12ನೇ ಸ್ಕ್ವಾಡ್ರನ್ನಿಗೆ ಡಕೋಟಾ ಬಂದದ್ದು 1946ರಲ್ಲಿ. ಮರುವರ್ಷವೇ ಅದಕ್ಕೆ ಪರೀಕ್ಷೆ ಎದುರಾಯಿತು. 1947ರ ಅಕ್ಟೋಬರ್ 26ರಂದು ಜಮ್ಮು-ಕಾಶ್ಮೀರದ ಮಹಾರಾಜರು ವಿಲೀನಪತ್ರಕ್ಕೆ ಸಹಿ ಹಾಕಿದರು. 27ರ ಬೆಳಿಗ್ಗೆ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ನೇತೃತ್ವದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನನ್ನು ಹೊತ್ತ ಡಕೋಟಾಗಳು ದೆಹಲಿಯಿಂದ ಶ್ರೀನಗರಕ್ಕೆ ಹಾರಿದವು. ವಿಮಾನ ನಿಲ್ದಾಣ ಪಾಕಿಸ್ತಾನದ ಕಡೆಯಿಂದ ನುಗ್ಗಿದ್ದ ದಾಳಿಕೋರರ ಕೈಸೇರಿದೆಯೇ ಇಲ್ಲವೇ ಎಂಬುದೇ ಖಚಿತವಿರಲಿಲ್ಲ. ಮೇಲೆ ಒಂದು ಸುತ್ತು ಹಾಕಿ, ಅನುಮಾನ ಬಂದರೆ ಇಳಿಯಬೇಡಿ ಎಂಬ ಸೂಚನೆ ರಾಯ್ ಅವರಿಗಿತ್ತು. ಅವರು ಇಳಿದರು, ಆ ಯುದ್ಧದಲ್ಲೇ ಮಡಿದರು. ವಾಯುಪಡೆಯ ವಿಮಾನಗಳು ಸಾಲದೆ ಖಾಸಗಿ ಕಂಪನಿಗಳ ಡಕೋಟಾಗಳನ್ನೂ ಈ ಕೆಲಸಕ್ಕೆ ಹಚ್ಚಲಾಗಿತ್ತು.

ಮುಂದಿನ ತಿಂಗಳುಗಳಲ್ಲಿ ಈ ಸಾಗಣೆ ವಿಮಾನ ಮಾಡದ ಕೆಲಸವಿಲ್ಲ. ಸುತ್ತುವರಿದಿದ್ದ ಪೂಂಚ್‌ಗೆ ಫಿರಂಗಿಗಳನ್ನು ಹೊತ್ತೊಯ್ದು, ಬರುವಾಗ ನಿರಾಶ್ರಿತರನ್ನು ಕರೆತಂದಿತು. ಬಾಂಬರ್‌ಗಳಿಲ್ಲದಾಗ ಬಾಗಿಲಿನಿಂದ ಬಾಂಬುಗಳನ್ನು ಉರುಳಿಸಿದ್ದೂ ಉಂಟು. 1948ರ ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅವರು ಹತ್ತು ಸಾವಿರ ಅಡಿಗೂ ಎತ್ತರದ ಲೇಹ್‌ನಲ್ಲಿ, ಆಗಷ್ಟೇ ಸಮತಟ್ಟು ಮಾಡಿದ ಪಟ್ಟಿಯ ಮೇಲೆ ಡಕೋಟಾ ಇಳಿಸಿದರು. ವಿಮಾನದಲ್ಲಿ ಅವರ ಜೊತೆಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಒಳಗೆ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆಯೇ ಇಲ್ಲದ ವಿಮಾನವದು. ಹಿಮಾಲಯದ ಶಿಖರಗಳನ್ನು ದಾಟುವ ಎತ್ತರಕ್ಕೆ ಅದನ್ನು ಒಯ್ದದ್ದು ಸಾಹಸವೂ ಹೌದು, ಹುಂಬತನವೂ ಹೌದು. 1971ರ ಬಾಂಗ್ಲಾ ಯುದ್ಧದಲ್ಲಿ, ಡಿಸೆಂಬರ್ 11ರಂದು ಟಂಗೈಲ್‌ನಲ್ಲಿ ಪ್ಯಾರಾಚೂಟ್ ಯೋಧರನ್ನು ಇಳಿಸಿದ ವಿಮಾನಗಳ ಪೈಕಿಯೂ ಡಕೋಟಾ ಇತ್ತು.

ಬೆಂಗಳೂರಿಗೂ ಈ ವಿಮಾನ ಹೊಸದಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ ಸೇನೆಯ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಡಕೋಟಾಗಳನ್ನು ಬಿಚ್ಚಿ, ಸರಿಪಡಿಸಿ, ಸೀಟು ಹಾಕಿ ನಾಗರಿಕ ವಿಮಾನಗಳಾಗಿಸುವ ಕೆಲಸ ಅಲ್ಲಿ ನಡೆಯಿತು. 1980ರ ದಶಕದ ಕೊನೆಗೆ ವಾಯುಪಡೆ ಡಕೋಟಾಗಳಿಗೆ ವಿದಾಯ ಹೇಳಿದ ಮೇಲೆ, ಹಾರಬಲ್ಲ ಒಂದನ್ನೂ ದೇಶ ಉಳಿಸಿಕೊಳ್ಳಲಿಲ್ಲ. ಮ್ಯೂಸಿಯಂ ಅಂಗಳದಲ್ಲಿ ನಿಂತವು ನಿಂತಲ್ಲೇ ಇದ್ದವು.

ಹಾಗಾಗಿ ರಾಜೀವ್ ಅವರ ಹುಡುಕಾಟ ಹೊರದೇಶಕ್ಕೆ ಹೋಗಬೇಕಾಯಿತು. 1944ರಲ್ಲಿ ತಯಾರಾದ ‘ಪರಶುರಾಮ’ 2011ರಲ್ಲಿ ಐರ್ಲೆಂಡಿನಲ್ಲಿ ಗುಜರಿಯಾಗಿ ಸಿಕ್ಕಿತೆಂದು ಆಗಿನ ವರದಿಗಳು ಹೇಳಿದವು. ಅದಕ್ಕೆ ಮರುಜೀವ ಬಂದದ್ದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಹಳೆಯ ವಿಮಾನಗಳ ದುರಸ್ತಿಯಲ್ಲಿ ಪಳಗಿದ ರಿಫ್ಲೈಟ್ ಏರ್‌ವರ್ಕ್ಸ್ ಸಂಸ್ಥೆಯ ಕೈಯಲ್ಲಿ.

ಡಿಸಿ-3 ಜಾತಿಯ ವಿಮಾನಗಳು ಇಷ್ಟು ಕಾಲ ಬಾಳುವುದಕ್ಕೆ ಕಾರಣ ಅವುಗಳ ರಚನೆಯಲ್ಲೇ ಇದೆ. ಲೋಹ ಎಷ್ಟು ತೆಳುವಾದರೆ ಸಾಕು ಎಂದು ಕರಾರುವಾಕ್ಕಾಗಿ ಲೆಕ್ಕ ಹಾಕಲು ಬಾರದ ಕಾಲದಲ್ಲಿ ಎಂಜಿನಿಯರುಗಳು ಇರಲಿ ಎಂದು ಸ್ವಲ್ಪ ಹೆಚ್ಚೇ ಗಟ್ಟಿ ಮಾಡಿದರು. ಕ್ಯಾಬಿನ್ನಿನಲ್ಲಿ ಗಾಳಿ ತುಂಬಿ ಇಳಿಸುವ ಗೊಡವೆಯಿಲ್ಲದ್ದರಿಂದ ಈಗಿನ ಜೆಟ್‌ಗಳ ಮೈಗೆ ಬರುವ ಆಯಾಸ ಇದಕ್ಕೆ ಬರುವುದಿಲ್ಲ. ಆದರೆ ತುಕ್ಕು ಯಾರನ್ನೂ ಬಿಡದು. ಅಲ್ಯೂಮಿನಿಯಂ ತಗಡುಗಳ ಸಂದಿಯಲ್ಲಿ ನೀರು ಕೂತರೆ ಹೊರಗೆ ಹೊಳಪಿದ್ದು ಒಳಗೆ ಬಿಳಿ ಪುಡಿಯಾಗಿರುತ್ತದೆ. ಅಂಥ ಕಡೆ ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದು, ತಗಡು ಬದಲಿಸಿ, ಹೊಸ ರಿವೆಟ್ ಹೊಡೆಯಬೇಕು. ಹೊರಗಿನಿಂದ ಒಬ್ಬ ಹೊಡೆದರೆ ಒಳಗೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದಿರಬೇಕು. ಹೊರರೆಕ್ಕೆ ನಡುಭಾಗಕ್ಕೆ ಕೂಡುವಲ್ಲಿ ಸಾಲಾಗಿ ಬೋಲ್ಟುಗಳಿವೆ. ಅಲ್ಲಿ ಬಿರುಕು ಇಣುಕಿದೆಯೇ ಎಂಬ ತಪಾಸಣೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮೈಯೆಲ್ಲ ಲೋಹವಾದರೂ ವಿಮಾನವನ್ನು ತಿರುಗಿಸುವ, ಏರಿಸಿ ಇಳಿಸುವ ಪಟ್ಟಿಗಳಿಗೆ ಇಂದಿಗೂ ಬಟ್ಟೆಯ ಹೊದಿಕೆ. ಬಟ್ಟೆ ಬಿಗಿದು, ಮೇಲೆ ಡೋಪ್ ಎಂಬ ಲೇಪ ಬಳಿದು ಒಣಗಿಸಬೇಕು. ಈ ಕೆಲಸ ಬಲ್ಲವರೇ ಈಗ ಕಡಿಮೆ.

ಎಂಜಿನ್ನಿನದು ಬೇರೆಯೇ ಲೋಕ. ಪ್ರ್ಯಾಟ್ ಅಂಡ್ ವಿಟ್ನಿಯ ಟ್ವಿನ್ ವಾಸ್ಪ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ 14 ಸಿಲಿಂಡರ್. ನಿಂತಾಗ ಆಯಿಲ್ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ಸೇರಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಹಿಂಡಲು ಹೋಗಿ ಹಿಂಡಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ಪ್ರತಿ ಹಾರಾಟಕ್ಕೆ ಮುನ್ನ ನೆಲದ ಸಿಬ್ಬಂದಿ ಪ್ರೊಪೆಲ್ಲರಿನ ಅಲಗು ಹಿಡಿದು ಕೈಯಿಂದಲೇ ನಿಧಾನ ತಿರುಗಿಸುತ್ತಾರೆ. ಎಲ್ಲಾದರೂ ಬಿಗಿ ಹಿಡಿದರೆ ಜೋರು ಮಾಡುವಂತಿಲ್ಲ, ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಬಸಿಯಬೇಕು. ಎಲ್ಲ ಸರಿಯಿದ್ದು ಎಂಜಿನ್ ಹತ್ತಿಕೊಂಡಾಗ ಮೊದಲು ಕೆಮ್ಮಿ, ಬಿಳಿ ಹೊಗೆ ಉಗುಳಿ, ಆಮೇಲೆ ಒಂದು ಲಯಕ್ಕೆ ಬರುತ್ತದೆ.

ವಿಪಿ 905 ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು. 1947ರಲ್ಲಿ ಸಿಖ್ ರೆಜಿಮೆಂಟನ್ನು ಶ್ರೀನಗರಕ್ಕೆ ಒಯ್ದ ಡಕೋಟಾಗಳಲ್ಲಿ ಒಂದರ ಸಂಖ್ಯೆ ಅದು. ಈಗಿನದು ಆ ವಿಮಾನವಲ್ಲ; ಅದರ ಸಂಖ್ಯೆ ತೊಟ್ಟ ಇನ್ನೊಂದು. ಪುನರುಜ್ಜೀವನದ ವಿಷಯದಲ್ಲಿ ಕಟ್ಟುನಿಟ್ಟಿನವರು ಇದಕ್ಕೆ ಮೂಗು ಮುರಿಯಬಹುದು. ಆದರೆ ಯುದ್ಧವಿಮಾನಗಳ ಲೋಕದಲ್ಲಿ ಇದು ಬಹುಕಾಲದ ರೂಢಿ. ಮುಚ್ಚಿಟ್ಟರೆ ಮಾತ್ರ ತಪ್ಪು, ಇಲ್ಲಿ ಮುಚ್ಚಿಟ್ಟಿಲ್ಲ.

ವಿಮಾನ ಸಿದ್ಧಪಡಿಸುವುದಕ್ಕಿಂತ ಅದನ್ನು ಕೊಡುವುದೇನೂ ಸುಲಭವಾಗಿರಲಿಲ್ಲ. ಖಾಸಗಿ ವ್ಯಕ್ತಿ ಸೇನೆಗೆ ಹಾರುವ ವಿಮಾನ ಕೊಡುತ್ತೇನೆಂದರೆ ಅದರ ಇಂಧನ, ಬಿಡಿಭಾಗ, ತರಬೇತಿಯ ಭಾರ ಸೇನೆಯ ಹೆಗಲಿಗೇ ಬರುತ್ತದೆ. ಮೊದಲು ಮುಂದಿಟ್ಟ ಪ್ರಸ್ತಾವ ಒಪ್ಪಿಗೆಯಾಗಲಿಲ್ಲ. ಮನೋಹರ್ ಪರಿಕ್ಕರ್ ರಕ್ಷಣಾ ಸಚಿವರಾಗಿದ್ದಾಗ ಒಪ್ಪಿಗೆ ಸಿಕ್ಕಿತು. 2018ರ ಫೆಬ್ರುವರಿ 13ರಂದು ದೆಹಲಿಯಲ್ಲಿ ದಾನಪತ್ರ ವಾಯುಪಡೆಯ ಮುಖ್ಯಸ್ಥ ಬಿ.ಎಸ್. ಧನೋವಾ ಅವರ ಕೈಸೇರಿತು.

ಏಪ್ರಿಲ್ 17ರಂದು ಕೊವೆಂಟ್ರಿಯಿಂದ ಹೊರಟ ಡಕೋಟಾ ಫ್ರಾನ್ಸ್, ಇಟಲಿ, ಗ್ರೀಸ್, ಜೋರ್ಡಾನ್, ಸೌದಿ ಅರೇಬಿಯಾ, ಬಹ್ರೇನ್, ಒಮಾನ್ ಹಾದು ಏಪ್ರಿಲ್ ಕೊನೆಯ ವಾರ ಜಾಮ್‌ನಗರದಲ್ಲಿ ಇಳಿಯಿತು. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದ ವಿಮಾನಕ್ಕೆ ಇಷ್ಟು ನಿಲುಗಡೆ ಬೇಕೇ ಬೇಕು. ಅದಕ್ಕೆ ಬೇಕಾದ್ದು ಜೆಟ್‌ಗಳ ಸೀಮೆಎಣ್ಣೆಯಂಥ ಇಂಧನವಲ್ಲ, ವಿಮಾನದ ಪೆಟ್ರೋಲು. ಈಗಿನ ದೊಡ್ಡ ನಿಲ್ದಾಣಗಳಲ್ಲಿ ಕೇಳಿದ ಕಡೆಯಲ್ಲೆಲ್ಲ ಅದು ಸಿಗುವುದಿಲ್ಲ. ದಾರಿ ಗೊತ್ತುಮಾಡುವಾಗ ಹವಾಮಾನದಷ್ಟೇ ಮುಖ್ಯ ಅದೂ.

2018ರ ಮೇ 4ರಂದು ಗಾಜಿಯಾಬಾದ್ ಬಳಿಯ ಹಿಂಡನ್ ವಾಯುನೆಲೆಯಲ್ಲಿ ‘ಪರಶುರಾಮ’ ವಿಧಿವತ್ತಾಗಿ ಸೇವೆಗೆ ಸೇರಿತು. ಅಲ್ಲಿನ ವಿಂಟೇಜ್ ತಂಡದಲ್ಲಿ ಟೈಗರ್ ಮಾತ್, ಹಾರ್ವರ್ಡ್ ತರಬೇತಿ ವಿಮಾನಗಳು ಅದರ ಜೊತೆಗಾರರು. 2019ರ ಏರೋ ಇಂಡಿಯಾದಲ್ಲಿ ಅದು ಯಲಹಂಕದ ಆಕಾಶಕ್ಕೂ ಬಂದಿತ್ತು. ಬಾಂಗ್ಲಾ ಯುದ್ಧದ ಐವತ್ತನೇ ವರ್ಷವಾದ 2021ರ ಗಣರಾಜ್ಯೋತ್ಸವದಲ್ಲಿ ಎರಡು ಎಂಐ-17 ಹೆಲಿಕಾಪ್ಟರುಗಳ ನಡುವೆ, ಮರುವರ್ಷ ಎರಡು ಡಾರ್ನಿಯರ್ ವಿಮಾನಗಳ ಜೊತೆ ‘ಟಂಗೈಲ್’ ಎಂಬ ಹೆಸರಿನ ವ್ಯೂಹದಲ್ಲಿ ದೆಹಲಿಯ ಆಗಿನ ರಾಜಪಥದ ಮೇಲೆ ಹಾರಿತು.