ರಾಜ್ಯಭಾರದ ಹಸ್ತಾಂತರ

ಅತ್ತೆಯು ಸೊಸೆಗೆ ಬೀಗದ ಕೈಗಳನ್ನು ಕೊಟ್ಟ ಮಾತ್ರಕ್ಕೆ ಮನೆವಾರ್ತೆಯನ್ನು ಒಪ್ಪಿಸಿದಂತಾಗಲಿಲ್ಲ. ಕಣಜದಲ್ಲಿ ದವಸವೆಷ್ಟು, ಯಾರಿಗೆ ಕೊಡತಕ್ಕ ಬಾಕಿ ಎಷ್ಟು ಎಂಬುದನ್ನೂ ತಿಳಿಸಿದರೇನೇ ಸಂಸಾರವು ತಡೆಯಿಲ್ಲದೆ ಸಾಗುವುದು. ರಾಜ್ಯದ ವಿಷಯದಲ್ಲಿಯೂ ನ್ಯಾಯವು ಇದೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಇದನ್ನು ಕಷ್ಟದಿಂದ ಕಲಿತ ಬಗೆಯನ್ನು ವಾಚಕರ ಮುಂದಿಡುತ್ತೇವೆ.

ಅಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನವೆಂಬರ್ ತಿಂಗಳಲ್ಲಿ ಅಧ್ಯಕ್ಷರ ಚುನಾವಣೆಯು ನಡೆಯುತ್ತದೆ. ಪೂರ್ವದಲ್ಲಿ ಹೊಸ ಅಧ್ಯಕ್ಷರು ಅಧಿಕಾರ ವಹಿಸುತ್ತಿದ್ದುದು ಮಾರ್ಚ್ 4ರಂದು. ಕುದುರೆಗಾಡಿಯ ಕಾಲಕ್ಕೆ ಅಷ್ಟು ಅವಧಿಯು ಅವಶ್ಯವೇ ಆಗಿದ್ದಿತು. ಆದರೆ 1860ರಲ್ಲಿ ಆರಿಸಿ ಬಂದ ಲಿಂಕನ್ನರು ಪದವಿಯನ್ನೇರುವಷ್ಟರಲ್ಲಿ ಏಳು ಸಂಸ್ಥಾನಗಳು ಒಕ್ಕೂಟವನ್ನು ಬಿಟ್ಟಿದ್ದವು. 1933ರಲ್ಲಿ ಹೂವರರು ಇಳಿದು ರೂಸ್‌ವೆಲ್ಟರು ಏರುವುದರೊಳಗೆ ಅನೇಕ ಬ್ಯಾಂಕುಗಳು ಬಾಗಿಲಿಕ್ಕಿದವು. ಅದೇ ವರ್ಷ ಸ್ಥಿರಪಟ್ಟ ರಾಜ್ಯಾಂಗದ 20ನೆಯ ತಿದ್ದುಪಡಿಯು ಪದಗ್ರಹಣವನ್ನು ಜನವರಿ 20ಕ್ಕೆ ತಂದಿತು.

ಅವಧಿಯನ್ನು ಕಿರಿದುಗೊಳಿಸಿದರೆ ಸಾಲದು. ಏರುವವರಿಗೆ ತಿಳಿವಳಿಕೆಯೂ ಬೇಕು. 1945ರಲ್ಲಿ ರೂಸ್‌ವೆಲ್ಟರು ಕಾಲವಾಗಿ ಉಪಾಧ್ಯಕ್ಷ ಟ್ರೂಮನ್ನರು ಪದವಿಗೆ ಬಂದಾಗ, ಪರಮಾಣು ಬಾಂಬಿನ ರಹಸ್ಯವು ಅವರಿಗೇ ತಿಳಿದಿರಲಿಲ್ಲ! ಅಂತಹ ಅವಸ್ಥೆಯನ್ನುಂಡ ಅವರೇ 1952ರಲ್ಲಿ ಪ್ರತಿಪಕ್ಷದ ಐಸೆನ್‌ಹೋವರರನ್ನು ಶ್ವೇತಭವನಕ್ಕೆ ಕರೆಯಿಸಿ ರಾಜ್ಯದ ಸ್ಥಿತಿಗತಿಗಳನ್ನು ಅರುಹಿದರು.

1964ರಲ್ಲಿ ಈ ಕಾರ್ಯಕ್ಕೆ ಶಾಸನವೇ ಆಯಿತು. ಆರಿಸಿ ಬಂದವರಿಗೆ ಕಚೇರಿಯನ್ನೂ ವೆಚ್ಚಕ್ಕೆ ಹಣವನ್ನೂ ಸರಕಾರವು ಒದಗಿಸತಕ್ಕುದೆಂದು ಅದರ ವಿಧಿ. ಹೊಸ ಅಧ್ಯಕ್ಷರ ಆಡಳಿತದಲ್ಲಿ ಸುಮಾರು 4,000 ಸ್ಥಾನಗಳಿಗೆ ಜನರನ್ನು ನೇಮಿಸಬೇಕಾಗುವುದೆಂಬುದನ್ನು ನೆನೆದರೆ ಇದರ ಅಗತ್ಯವು ವಿಶದವಾಗುವುದು. 2000ದಲ್ಲಿ ಮತಗಣನೆಯ ವ್ಯಾಜ್ಯವು ಡಿಸೆಂಬರಿನವರೆಗೂ ಬೆಳೆದು, ಸಿದ್ಧತೆಯ ಕಾಲವು ಕುಗ್ಗಿತು. 2001ರ ಸೆಪ್ಟೆಂಬರ್ 11ರ ಘೋರಕೃತ್ಯವನ್ನು ವಿಚಾರಿಸಿದ ಆಯೋಗವು, ರಕ್ಷಣೆಗೆ ಸಂಬಂಧಪಟ್ಟ ಅಧಿಕಾರಿಗಳ ನೇಮಕವು ಇದರಿಂದ ತಡವಾಯಿತೆಂದು ಎತ್ತಿ ತೋರಿಸಿತು. 2008ರಲ್ಲಿ ಬುಷ್ಷರು ಎದುರು ಪಕ್ಷದ ಒಬಾಮರಿಗೆ ಅಧಿಕಾರವನ್ನು ಒಪ್ಪಿಸುವಾಗ ಇಂತಹ ಲೋಪವಾಗದಂತೆ ಮುಂಚಿತವಾಗಿಯೇ ಏರ್ಪಾಡು ಮಾಡಿಸಿದರು. 2010ರ ಶಾಸನದಂತೆ, ಚುನಾವಣೆಗೆ ಮೊದಲೇ ಪ್ರಮುಖ ಅಭ್ಯರ್ಥಿಗಳಿಗೆ ಸಿದ್ಧತೆಗಾಗಿ ಸರಕಾರದ ಸಹಾಯವು ದೊರೆಯುತ್ತದೆ.

ಗೆಲ್ಲುವೆವೋ ಇಲ್ಲವೋ ಎಂದು ತಿಳಿಯದಿರುವಾಗಲೇ ಸಿದ್ಧರಾಗುವುದು ಅಹಂಕಾರವೆಂದು ಕೆಲವರು ಹಳಿಯಬಹುದು. ನಾವು ಹಾಗೆ ತಿಳಿಯೆವು. ಪ್ರಜೆಗಳ ಪ್ರಾಣಮಾನಗಳ ಹೊಣೆಯನ್ನು ಹೊರುವವನು ಮೊದಲ ದಿನವೇ ಕಲಿಯಲಾರಂಭಿಸುವುದು ಕ್ಷೇಮಕರವಲ್ಲ. ಅಂತೆಯೇ ಸೋತವನು ಮುನಿಸನ್ನು ನುಂಗಿ, ತಾನರಿತುದನ್ನು ಮರೆಮಾಚದೆ ಒಪ್ಪಿಸುವುದು ಶಾಸನದ ಬಲದಿಂದ ಮಾತ್ರ ಆಗತಕ್ಕ ಕೆಲಸವಲ್ಲ. ಅದಕ್ಕೆ ಪದವಿಗಿಂತಲೂ ಪ್ರಜೆಗಳು ದೊಡ್ಡವರೆಂಬ ಬುದ್ಧಿಯು ಬೇಕು.