ಲಾರಿ ಗುದ್ದಿದ್ರೆ ರಾಜಿ ಪತ್ರಕ್ಕೆ ಆತುರದಲ್ಲಿ ಸಹಿ ಹಾಕ್ಬೇಡಿ

ನನ್ನ ಚಿಕ್ಕಪ್ಪನ ಮಗ, ವಯಸ್ಸು 27, ಡೆಲಿವರಿ ಕೆಲಸ. ನೆಲಮಂಗಲದ ಹತ್ತಿರ ಲಾರಿ ಗುದ್ದಿ ಕಾಲು ಮುರೀತು. ಮೂರನೇ ದಿನ ಲಾರಿ ಮಾಲೀಕರ ಕಡೆಯವರು ಆಸ್ಪತ್ರೆಗೇ ಬಂದ್ರು. ಕೈಯಲ್ಲಿ 40,000 ಕ್ಯಾಶ್, ಜೊತೆಗೆ ಕೇಸ್ ಬೇಡ ಅಂತ ಬರೆದ ಸ್ಟ್ಯಾಂಪ್ ಪೇಪರ್. ಚಿಕ್ಕಪ್ಪ ಆಗಲೇ ಪೆನ್ನು ಹುಡುಕ್ತಿದ್ರು. ನಾನು ತಡೆದೆ.

ನಾನು ಬಿ.ಕಾಂ., ವಕೀಲ ಅಲ್ಲ. ಆದ್ರೆ ಲೆಕ್ಕ ಬರುತ್ತೆ.

ಲಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ತಪ್ಪು ಲಾರಿಯದ್ದಾದ್ರೆ ಪರಿಹಾರ ಸಾಮಾನ್ಯವಾಗಿ ವಿಮಾ ಕಂಪನಿಯೇ ಕೊಡಬೇಕು. ಅರ್ಜಿ ಹಾಕೋದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಆದ ಕಡೆಯೇ ಆಗ್ಬೇಕಂತಿಲ್ಲ, ನೀವು ವಾಸ ಇರೋ ಕಡೆಯೂ ಹಾಕ್ಬಹುದು.

ಈಗ ಲೆಕ್ಕ. ಇವನ ಸಂಪಾದನೆ ತಿಂಗಳಿಗೆ 20,000, ವರ್ಷಕ್ಕೆ 2,40,000. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 26ರಿಂದ 30 ವಯಸ್ಸಿನವರಿಗೆ ಇದನ್ನ 17ರಿಂದ ಗುಣಿಸ್ತಾರೆ. ದುಡಿಯೋ ಶಕ್ತಿ 25% ಹೋಗಿದೆ ಅಂತ ನ್ಯಾಯಮಂಡಳಿ ಒಪ್ಪಿದ್ರೆ 10,20,000 ರೂಪಾಯಿ. ಆಸ್ಪತ್ರೆ ಖರ್ಚು, ನೋವಿಗೆ ಕೊಡೋದು ಬೇರೆ. ಎಲ್ಲಿ 40,000, ಎಲ್ಲಿ ಇದು!

ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: ಡಾಕ್ಟರ್ ಬರೆಯೋ ಅಂಗವೈಕಲ್ಯದ ಪರ್ಸೆಂಟೇ ಸಂಪಾದನೆಯ ನಷ್ಟ ಅಲ್ಲ. ಕೂತು ಕೆಲಸ ಮಾಡೋರಿಗೆ ಕುಂಟು ಕಾಲಿನ ನಷ್ಟ ಬೇರೆ, ಡೆಲಿವರಿ ಹುಡುಗನಿಗೆ ಬೇರೆ. ಏನು ಕೆಲಸ ಮಾಡ್ತಿದ್ರಿ ಅನ್ನೋದಕ್ಕೆ ದಾಖಲೆ ಇಟ್ಕೊಳ್ಳಿ. ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಬಿಲ್‌ಗಳೂ ಜೋಪಾನ.

2022ರ ಏಪ್ರಿಲ್‌ನಿಂದ ಕಾಯ್ದೆಯಲ್ಲಿ ಅರ್ಜಿಗೆ ಆರು ತಿಂಗಳ ಗಡುವಿದೆ, ತಡ ಮಾಡ್ಬೇಡಿ. ಗುದ್ದಿದ ಲಾರಿ ಯಾವ್ದು ಅಂತಲೇ ಗೊತ್ತಾಗದಿದ್ರೆ, ಹಿಟ್ ಅಂಡ್ ರನ್ ಯೋಜನೆಯಲ್ಲಿ ಗಂಭೀರ ಗಾಯಕ್ಕೆ ಸಿಗೋದು 50,000 ಮಾತ್ರ. ಅದಕ್ಕೇ ಅಲ್ಲಿದ್ದವರು ಮೊದಲು ನಂಬರ್ ಪ್ಲೇಟ್ ಫೋಟೋ ತೆಗೀರಿ.

ನಮ್ಮ ಹುಡುಗನ ಕೇಸ್ ಇನ್ನೂ ನಡೀತಿದೆ.